ಚೇಳಿನ ಬಾಲದ ಕೆಳಗೆ

ಸ್ಕಿಲ್ ಲ್ಯಾಬಿನ ರಬ್ಬರ್ ಕೈಗೆ ಮೈಯಿಲ್ಲ.
ನಮಗಿಂತ ಮುಂಚಿನ ನಾಲ್ಕು ಬ್ಯಾಚು ಚುಚ್ಚಿ ಚುಚ್ಚಿ
ಅದರ ನರ ಜರಡಿಯಾಗಿದೆ.
ಕೆಂಪು ಶಾಯಿ ಬೆರೆಸಿದ ನೀರು
ಸೂಜಿ ತಗಲುವ ಮೊದಲೇ ತೊಟ್ಟಿಕ್ಕುತ್ತದೆ.

"ನಾಚಿಕೆಯಿಲ್ಲದ ಕೈ ಇದು," ಅನ್ನುತ್ತಾರೆ ಯುಲಾಲಿಯಾ ಮೇಡಂ,
"ಕೇಳುವ ಮೊದಲೇ ಕೊಡುತ್ತದೆ.
ವಾರ್ಡಿನ ಕೈಗಳು ಹಾಗಲ್ಲ."

ಸೂಜಿಯ ಬಾಯಿ ಮೇಲಕ್ಕೆ. ಇಪ್ಪತ್ತು ಡಿಗ್ರಿ.
ಸ್ಪಿರಿಟ್ ಒರೆಸು, ಒಣಗುವ ತನಕ ಕಾಯಿ,
ಊದಬೇಡ.
ಊದಿದವಳು ನಾನು.
ಗ್ಲೌಸ್ ಬಿಚ್ಚಿಸಿ, ಮೊದಲಿನಿಂದ ಕೈ ತೊಳೆಸಿದರು.

ಅಜ್ಜಿ ಊದುತ್ತಿದ್ದಳು,
ಒಂದೊಂದು ಚುಕ್ಕಿಗೂ ಒಂದೊಂದು ಉಸಿರು.
ಗಾಡಿಕೊಪ್ಪದಿಂದ ಬುಟ್ಟಿ ಹೊತ್ತು ಹೊರಟರೆ
ಆಯನೂರು, ಕುಂಸಿ, ಆನಂದಪುರ,
ಜಗಲಿ ಜಗಲಿಗೆ ನಿಂತು ಕೂಗುತ್ತಿದ್ದಳು:
"ಚೇಳು ಬೇಕೇನ್ರೇ, ತೊಟ್ಟಿಲು ಬೇಕೇನ್ರೇ?"
ಮೂರು ಸೂಜಿ ಜೋಡಿಸಿ ದಾರ ಸುತ್ತಿದ ಕಟ್ಟು,
ದೀಪದ ಕಾಡಿಗೆ, ಯಾವುದೋ ಸೊಪ್ಪಿನ ರಸ.
ಊರಿಗೆಲ್ಲ ಅದೇ ಕಟ್ಟು.
ತೊಡೆಯ ಮೇಲಿನ ಸೀರೆಗೆ ಒರೆಸಿದರೆ ಮುಗಿಯಿತು, ಸ್ವಚ್ಛ.

ಸೋಂಕು ನಿಯಂತ್ರಣದ ಪಾಠದ ದಿನ
ಬೋರ್ಡಿನ ಮೇಲೆ ಪಟ್ಟಿ:
ರಕ್ತದಿಂದ ರಕ್ತಕ್ಕೆ ಕಾಯಿಲೆ ದಾಟುವ ದಾರಿಗಳು.
ಕ್ಷೌರದ ಬ್ಲೇಡು, ಕಿವಿ ಚುಚ್ಚುವ ಮುಳ್ಳು,
ಮೂರನೆಯ ಸಾಲಿನಲ್ಲಿ ಹಚ್ಚೆ.
ತಲೆಯೆತ್ತದೆ ಬರೆದುಕೊಂಡೆ.
ಪಕ್ಕದಲ್ಲಿ ಸಫೂರಾ ಪೆನ್ನಿನ ತುದಿ ಕಚ್ಚುತ್ತಿದ್ದಳು.
ಅಜ್ಜಿ ಎಷ್ಟು ಕೈಗೆ ಹೂ ಕೊಟ್ಟಳು,
ಎಷ್ಟು ಕೈಗೆ ಹೂವಿನ ಜೊತೆ ಇನ್ನೇನು ಕೊಟ್ಟಳು?
ಲೆಕ್ಕ ಇಟ್ಟವರಿಲ್ಲ.
ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಿತ್ತು, ಐದು ಅಂಕಕ್ಕೆ.
ಐದಕ್ಕೆ ಐದು ಬಂತು ನನಗೆ.

ಫೆಬ್ರವರಿ. ಮಂಗನ ಕಾಯಿಲೆಯ ತಿಂಗಳು.
ಸಾಗರದಾಚೆಯಿಂದ ಆಂಬುಲೆನ್ಸಿನಲ್ಲಿ ಬಂದವಳು ಕೆರಿಯಮ್ಮ,
ದರಗು ಗುಡಿಸಲು ಕಾಡಿಗೆ ಹೋಗಿ
ಉಣುಗು ಕಚ್ಚಿಸಿಕೊಂಡವಳು.
ಜ್ವರಕ್ಕೆ ಏಳು ದಿನ, ಪ್ಲೇಟ್ಲೆಟ್ ನಲವತ್ತು ಸಾವಿರ,
ವಸಡಿನಲ್ಲಿ ಕೆಂಪು ಗೆರೆ.
"ಒಂದೇ ಸಲ," ಮೇಡಂ ಕಿವಿಯ ಹತ್ತಿರ ಅಂದರು,
"ಈ ಕೈಯಲ್ಲಿ ಹುಡುಕಾಟ ಆಡೋ ಹಾಗಿಲ್ಲ."

ಸೆರಗು ಸರಿಸಿದರೆ
ಮಣಿಕಟ್ಟಿನಿಂದ ಮೊಣಕೈವರೆಗೂ ಹಸಿರು!
ಚೇಳು, ತೊಟ್ಟಿಲು, ಬಾಸಿಂಗ,
ಚರ್ಮದ ಜೊತೆ ಸುಕ್ಕಾದ ಯಾರದೋ ಹೆಸರು.
ಹಚ್ಚೆಯ ಹಸಿರು ಯಾವುದು, ನರದ ಹಸಿರು ಯಾವುದು?
ಪಟ್ಟಿ ಸಡಿಲವಾಗಿಯೇ ಕಟ್ಟಿದೆ, ಮೇಡಂ ಹೇಳಿದಷ್ಟೇ.
ಏನೂ ಏಳಲಿಲ್ಲ.

ಕಣ್ಣು ಮುಚ್ಚಿದೆ.
ಬಿದಿರು ಸೀಳುವ ಮೊದಲು ಗಂಟು ಎಲ್ಲಿದೆ ಎಂದು
ಅಜ್ಜಿ ಹೀಗೇ ತಡವುತ್ತಿದ್ದಳು,
ಮುಖ ಬೇರೆ ಕಡೆ ತಿರುಗಿಸಿ, ಯಾರನ್ನೋ ಬೈಯುತ್ತಾ.
ಚೇಳಿನ ಬಾಲದ ಕೆಳಗೆ ಸಿಕ್ಕಿತು
ಒತ್ತಿದರೆ ತಗ್ಗಿ, ಬಿಟ್ಟರೆ ಪುಟಿಯುವಂಥದ್ದು.

"ಚುಚ್ಚಾಕೆ ಬರ್ತದಾ ತಂಗಿ ನಿಂಗೆ?"
"ನಮ್ಮನೆ ಕಸುಬೇ ಅದು," ಅಂದುಬಿಟ್ಟೆ.
ಮಾಸ್ಕಿನ ಮೇಲೆ ಮೇಡಂ ಹುಬ್ಬು ಏರಿತು.

ಸ್ಪಿರಿಟ್ ಒರೆಸಿದೆ. ಊದಲಿಲ್ಲ.
ಒಣಗುವ ಆ ಮೂವತ್ತು ಸೆಕೆಂಡು
ಬಾಯಿಗೆ ಕೆಲಸವಿಲ್ಲದೆ ಕೇಳಿದೆ:
"ಚೇಳು ಯಾರು ಹಾಕಿದ್ದು?"
"ಯಾರೋ ಬುಟ್ಟಿಯವಳು, ಎರಡು ಸೇರು ಭತ್ತಕ್ಕೆ.
ಉರೀಲೇ ಇಲ್ಲ ನೋಡು, ಊದ್ತಾನೇ ಇದ್ಲು."
ಆಗ ಹಾಗೆ ಊದುವವರು ಎಷ್ಟೋ ಮಂದಿ ಇದ್ದರು.
ಕ್ಯಾನುಲಾದ ಹಿಂದಿನ ಗೂಡಿಗೆ ರಕ್ತ ಬಂತು,
ಒಂದೇ ಸಲಕ್ಕೆ.

ಪಟ್ಟಿ ಬಿಚ್ಚಿದೆ, ಪ್ಲಾಸ್ಟರ್ ಅಂಟಿಸಿದೆ,
ಚೇಳಿನ ಕೊಂಡಿ ಮಾತ್ರ ಹೊರಗೆ ಕಾಣುವಂತೆ.
ಸೂಜಿ ಬಿಳಿ ಡಬ್ಬಿಗೆ ಹೋಯಿತು,
ಇನ್ನೊಬ್ಬರ ಕೈ ನೋಡದೆ.

ಸಿಂಕಿನ ಹತ್ತಿರ, ಬೆರಳ ಸಂದಿಗೆ ಸೋಪು ತಿಕ್ಕುತ್ತಾ
ಮೇಡಂ ಕೇಳಿದರು: "ಮನೆ ಕಸುಬು ಅಂದೆಯಲ್ಲ, ಏನದು?"
ನಲ್ಲಿ ಜೋರಾಗಿತ್ತು.
ನಾಳೆ ಹೇಳ್ತೀನಿ ಮೇಡಂ, ಅಂದೆ.
ನಾಳೆ ರಾತ್ರಿ ಪಾಳಿ ಬಂತು,
ಆಮೇಲೆ ಹೆರಿಗೆ ವಾರ್ಡು.
ಕೆರಿಯಮ್ಮ ಹದಿನಾಲ್ಕನೇ ದಿನ ನಡೆದುಕೊಂಡೇ ಮನೆಗೆ ಹೋದಳು.
ನಾನು ಇನ್ನೂ ಹೇಳಿಲ್ಲ.